ತಪ್ಪಲೆ ಸಾಲು ಹಿತ್ತಲಿಗೆ ತಿರುಗಿದ್ದು

ಪುಟ್ಟನಂಜವ್ವ ಅಂತ ಸೊಪ್ಪು ಮಾರೋಳು ಒಬ್ಬಳಿದ್ದಳು, ಅವಳೇ ಕಣಪ್ಪ ಇದನ್ನ ನನಗೆ ಮೊದಲು ಹೇಳಿದ್ದು, ಇನ್ಯಾರೂ ಅಲ್ಲ. ನಾನು ಸ್ಕೌಟ್ ಮೇಷ್ಟ್ರು, ಕೊರಳಿಗೆ ಸೀಟಿ ನೇತುಹಾಕ್ಕೊಂಡು ಊರನ್ನೇ ಕಾಯ್ತೀನಿ ಅಂತ ಎದೆ ಸೆಟೆಸಿಕೊಂಡು ತಿರುಗ್ತಿದ್ದೋನು, ನನಗೇ ಗೊತ್ತಿರಲಿಲ್ಲ. ನಗಬೇಡಿ. ಈಗ ನೆನೆಸ್ಕೊಂಡ್ರೂ ಬಾಯೆಲ್ಲ ಕಹಿಯಾಗ್ತದೆ. ಇರಿ, ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಇಲ್ಲದಿದ್ರೆ ನಿಮಗೆ ತಲೆಬುಡ ಗೊತ್ತಾಗಲ್ಲ.

ನಾನು ಹಳ್ಳಿಮೈಸೂರಿನ ಕಡೆಯೋನು. ಓದಿದ್ದು ಊರ ಶಾಲೇಲಿ, ಅಷ್ಟೇ. ಹೊಳೆನರಸೀಪುರಕ್ಕೆ ಬಂದು ತೆಂಗಿನಕಾಯಿ ಅಂಗಡಿ ಇಟ್ಟಿದ್ದೆ. ಆ ಕಾಲಕ್ಕೆ ಈ ಸ್ಕೌಟು ಅನ್ನೋದು ಹೊಸದು, ಹೊಸದು ಅಂದ್ರೆ ಮೈಸೂರಿನಲ್ಲಿ ಹಳೇದೇ, ನಮ್ಮೂರಿಗೆ ಹೊಸದು. ಹುಡುಗರಿಗೆ ಗಂಟು ಹಾಕೋದು, ಗಾಯಕ್ಕೆ ಪಟ್ಟಿ ಕಟ್ಟೋದು, ಹೊಳೇಲಿ ಮುಳುಗೋನನ್ನ ದಡಕ್ಕೆ ಎಳೆಯೋದು, ದಿನಕ್ಕೊಂದಾದ್ರೂ ಪರೋಪಕಾರ ಮಾಡೋದು, ಇಷ್ಟು ಕಲಿಸೋದು. ಇದೂ ಶಿವನ ಕೆಲಸವೇ ಅಂತ ನನಗೆ ಅನ್ನಿಸ್ತು. ಮೈಸೂರಿಗೆ ಹೋಗಿ ತರಬೇತಿ ಮುಗಿಸ್ಕೊಂಡು ಬಂದೆ. ಸಂಬಳ ಇಲ್ಲ, ಏನೂ ಇಲ್ಲ, ಸಾಯಂಕಾಲ ಅಂಗಡಿ ಬಾಗಿಲು ಹಾಕಿ ಹೊಳೆ ದಂಡೆಗೆ ಹೋಗೋದು, ಸೀಟಿ ಊದೋದು. ನಿಮ್ಮಜ್ಜಿ ಅಂತೂ ದಿನಾ ಅನ್ನೋಳು, "ನಮ್ಮನೆ ಎಮ್ಮೆ ಹಗ್ಗ ಬಿಚ್ಚಿಕೊಂಡು ಊರು ಸುತ್ತತದೆ, ನೀವು ಊರ ಹುಡುಗರಿಗೆ ಗಂಟು ಹೇಳ್ಕೊಡ್ತೀರಿ." ಅದು ನಿಜವೇ, ಆ ಎಮ್ಮೆ ಹಂಗಿತ್ತು. ಇನ್ನು ಅಪ್ಪಂದಿರು. ಒಬ್ಬ ಅಂಗಡಿ ಮುಂದೆ ಬಂದು ನಿಂತು, "ಏನ್ರೀ ಶಿವಣ್ಣ, ನಮ್ಮ ಹುಡುಗನ ಕೈಲಿ ಯಾರದೋ ಮುದುಕಿ ಮನೆ ಸೌದೆ ಒಡೆಸಿದ್ರಂತೆ?" ಅಂತ. ನಾನು, "ಪರೋಪಕಾರ ಸ್ವಾಮಿ" ಅಂದೆ. "ಮನೇಲಿ ಒಂದು ಚೊಂಬು ನೀರು ಎತ್ತಿ ಕೊಡಲ್ಲ ಮುಂಡೇದು, ಮೊದಲು ನಮಗೆ ಉಪಕಾರ ಮಾಡೋಕೆ ಹೇಳ್ರೀ!" ಇನ್ನೊಬ್ಬಳು ತಾಯಿ, ಮಗನ ಕೊರಳಿಗೆ ಕಟ್ಟೋ ಸ್ಕಾರ್ಫಿನಲ್ಲಿ ಮೊಸರು ಗಂಟು ಕಟ್ಟಿ ಗೂಟಕ್ಕೆ ನೇತುಹಾಕಿದ್ಳು, ಆ ಹುಡುಗ ಹುಳಿ ವಾಸನೆ ಹೊಡೀತಾ ಬರೋನು.

ಇದೆಲ್ಲ ನಗೋ ಮಾತು, ನಕ್ಕೊಂಡು ತಡ್ಕೋಬಹುದು. ತಡೆಯೋಕಾಗದೇ ಇದ್ದದ್ದು ಬೇರೆ. ಹೇಮಾವತಿ ದಂಡೇಲಿ ಬಿಡಾರ ಹೂಡಿದ್ವಿ ಅನ್ನಿ, ಹುಡುಗರು ಒಟ್ಟಿಗೆ ಈಜ್ತಾವೆ, ಒಟ್ಟಿಗೆ ಹಾಡ್ತಾವೆ, ಒಬ್ಬನ ಹೆಗಲ ಮೇಲೆ ಇನ್ನೊಬ್ಬ ಹತ್ತಿ ನಿಲ್ತಾವೆ. ಉಣ್ಣೋ ಹೊತ್ತಿಗೆ ಸರಿಯಾಗಿ ದೊಡ್ಡೋರು ಬಂದ್ಬಿಡೋರು, ಬುತ್ತಿ ಹಿಡ್ಕೊಂಡು. ಜಾತಿಗೊಂದು ಒಲೆ, ಜಾತಿಗೊಂದು ಮರದ ನೆರಳು. ನಾನೂ ದಿನಾ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದೋನು, ಮಡಿ ಅನ್ನೋದು ನನಗೂ ಗೊತ್ತು. ಆದ್ರೆ ಈಗ ತಾನೇ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿದ್ದು ಹೊರಳಾಡಿದ ಮಕ್ಕಳನ್ನ ಬೆನ್ನು ತಿರುಗಿಸಿ ಕೂರಿಸೋದು ಯಾವ ಮಡಿ? ಶಿವಶಿವಾ, ಅಸಹ್ಯ.

ಹಂಗೂ ಹಿಂಗೂ ನಡೀತಿತ್ತು. ಅಷ್ಟರಲ್ಲಿ ಯುದ್ಧ ಬಂತು. ಯುದ್ಧ ಎಲ್ಲೋ, ಇಲ್ಲಿ ಸೀಮೆಣ್ಣೆ ಇಲ್ಲ, ಸಕ್ಕರೆ ಇಲ್ಲ, ಬಟ್ಟೆ ಇಲ್ಲ. ಹುಡುಗರ ಖಾಕಿ ಅಂಗಿ ಎಲ್ಲ ಹರಿದು ಚಿಂದಿ. ಯೂನಿಫಾರಂ ಇಲ್ಲದೆ ಸ್ಕೌಟ್ ಟ್ರೂಪ್ ನಡೆಸೋಕಾಗ್ತದೆಯೇ? ಆಗ ಗುರುಶಾಂತಪ್ಪ ಅನ್ನೋರು ಮುಂದೆ ಬಂದ್ರು. ಮಂಡಿ ಸಾಹುಕಾರ್ರು, ನಮ್ಮೋರೇ, ಹಣೆ ತುಂಬ ವಿಭೂತಿ, ಎದೆ ಮೇಲೆ ಲಿಂಗದ ಬೆಳ್ಳಿ ಕರಡಿಗೆ. ನಮ್ಮ ಸ್ಕೌಟ್ ಕಮಿಟಿಗೆ ಅವರೇ ಅಧ್ಯಕ್ಷರು. ಎಲ್ಲಿಂದಲೋ ಖಾಕಿ ಬಟ್ಟೆ ತರಿಸಿ ಎಲ್ಲ ಹುಡುಗರಿಗೂ ಅಂಗಿ ಹೊಲಿಸಿಕೊಟ್ರು. ನನಗೆ ಕಣ್ಣಲ್ಲಿ ನೀರು ಬಂದುಬಿಡ್ತು, ಇಂಥ ಪುಣ್ಯಾತ್ಮರೂ ಇದಾರಲ್ಲ ಅಂತ. ಆಮೇಲೆ ಅವರೇ, "ಶಿವಣ್ಣ, ಸರ್ಕಾರ ನಮ್ಮ ಮಂಡೀಲೇ ಅಕ್ಕಿ ಡಿಪೋ ಮಾಡಿದೆ, ಜನ ಮೇಲೆ ಬೀಳ್ತಾರೆ, ನಿನ್ನ ಹುಡುಗರು ಬೆಳಗ್ಗೆ ಹೊತ್ತು ಸಾಲು ನೋಡ್ಕೊಂಡ್ರೆ ದೇಶಸೇವೆ ಆಗ್ತದೆ" ಅಂದ್ರು. ಸೇವೆ ಅಂದ್ರೆ ನನಗೆ ಸಾಕಲ್ಲ, ಹೂಂ ಅಂದುಬಿಟ್ಟೆ.

ಸಾಲು ಅಂದ್ರೆ ಜನರ ಸಾಲು ಅಂದ್ಕೋಬೇಡಿ. ಕೂಲಿ ಬಿಟ್ಟು ಯಾರು ನಿಲ್ತಾರೆ? ಪಾತ್ರೆ ಸಾಲು. ಒಬ್ಬರು ತಪ್ಪಲೆ, ಒಬ್ಬರು ಮಂಕರಿ, ಒಬ್ಬರು ಚೀಲದ ಮೇಲೊಂದು ಕಲ್ಲು, ಹಿಂಗೆ ಇಟ್ಟುಬಿಟ್ಟು ಕೆಲಸಕ್ಕೆ ಹೋಗಿ, ಸರದಿ ಹೊತ್ತಿಗೆ ಓಡಿ ಬರೋರು. ಒಂದೊಂದು ತಪ್ಪಲೆ ತುಂಬಿದ ಹಾಗೆಲ್ಲ ಉಳಿದವನ್ನ ಮುಂದೆ ಸರಿಸಬೇಕು, ಅದು ನಮ್ಮ ಹುಡುಗರ ಕೆಲಸ. ಮೊದಲ ದಿನವೇ ಗಲಾಟೆ. "ನಮ್ಮ ತಪ್ಪಲೆ ಅವನು ಯಾಕೆ ಮುಟ್ಟಿದ?" "ನಮ್ಮ ಹುಡುಗನ ಕೈಲಿ ಅವರ ಮಂಕರಿ ಯಾಕೆ ಮುಟ್ಟಿಸಿದ್ರಿ, ಈಗ ಅವನು ತಲೆ ಮೇಲೆ ನೀರು ಹಾಕ್ಕೋಬೇಕು!" ಹೊಟ್ಟೆಗೆ ಅಕ್ಕಿ ಇಲ್ಲ, ಆದ್ರೂ ಇದು ಬಿಡಲಿಲ್ಲ ನೋಡಿ. ಕೊನೆಗೆ ಹುಡುಗರೇ ಉಪಾಯ ಕಂಡುಕೊಂಡ್ರು, ಕೈಯಲ್ಲಿ ಮುಟ್ಟೋದು ಬೇಡ ಅಂತ ಸ್ಕೌಟ್ ಕೋಲಿನ ತುದೀಲಿ ತಳ್ಳೋದು. ಆ ಕೋಲು ಇರೋದು ಯಾತಕ್ಕೆ? ಹೊಳೆ ಆಳ ನೋಡೋಕೆ, ಕಾಲು ಮುರಿದೋನನ್ನ ಹೊತ್ಕೊಂಡು ಹೋಗೋ ಡೋಲಿ ಕಟ್ಟೋಕೆ. ನಮ್ಮೂರಲ್ಲಿ ತಪ್ಪಲೆ ತಳ್ಳೋಕಾಯ್ತು. ನನಗೆ ಹೇಸಿಗೆ ಆದ್ರೂ, ಸಾಲು ಮಾತ್ರ ನೂಲು ಹಿಡಿದ ಹಾಗೆ ಇರೋದು.

ಹಿಂಗಿರೋವಾಗ ಒಂದಿನ ಈ ಪುಟ್ಟನಂಜವ್ವ ಸೊಪ್ಪಿನ ಬುಟ್ಟಿ ನಮ್ಮಂಗಡಿ ಮುಂದೆ ಇಳುಕಿದಳು. "ಸಿವಣ್ಣೋರೆ, ನಿಮ್ ಐಕ್ಳು ಎಷ್ಟ್ ಚೆಂದಾಗಿ ಕಾಯ್ತವೆ ಅಂತೀನಿ, ದ್ಯಾವ್ರಂತವು. ಒಂದ್ ತಪ್ಲೆ ಆಚೀಚೆ ಆಗಕಿಲ್ಲ."

"ಸಂತೋಷ ಕಣವ್ವ."

"ಅದೇಯ. ಅವು ಮುಂದ್ಲಾಗೆ ಚೆಂದಾಗಿ ಕಾಯ್ತಿರೋದ್ಕೇ ಹಿತ್ಲಾಗೆ ಮೂಟೆ ಚೆಂದಾಗಿ ಓಯ್ತವೆ."

"ಏನವ್ವ ಹಂಗಂದ್ರೆ?"

"ಸೊಪ್ಪು ಹಾಕಕ್ಕೆ ಮಂಡಿ ಹಿಂದ್ಲ ಸಂದೀಲಿ ಓಗೋಳು ಕಣ್ರಪ್ಪ ನಾನು, ಕಣ್ಣಾರೆ ಕಂಡೀನಿ. ದೊಡ್ ದೊಡ್ಡೋರ ಮನೆ ಆಳ್ಗೋಳು ಬತ್ತವೆ, ಹಿತ್ಲು ಬಾಗ್ಲಾಗೆ ತುಂಬ್ಕಂಡು ಓಯ್ತವೆ. ನಮ್ ತಪ್ಲೆ ಬಾಗ್ಲತ್ರ ಬರೋ ಒತ್ಗೆ ಮುಗೀತು ಅಂತ ಕದ ಆಕ್ಬುಡ್ತರೆ. ಮನೇಲಿ ಮಗ್ಳು ಬಾಣಂತಿ. ಬಾಣಂತಿಗೆ ಒಂದ್ ಹಿಡಿ ಅನ್ನ ಬ್ಯಾಡ್ವಾ, ನೀವೇ ಯೋಳಿ."

ನಾನು ನಂಬಲಿಲ್ಲ. ಅಲ್ಲ, ನಂಬಿದೆ, ಆದ್ರೆ ನಂಬೋಕೆ ಇಷ್ಟ ಇರಲಿಲ್ಲ. ಮಾರನೇ ದಿವಸ ನಮ್ಮ ಪಟ್ರೋಲ್ ಲೀಡರು, ಅಂದ್ರೆ ಒಂದು ಗುಂಪಿನ ಮುಂದಾಳು, ಸುಬ್ಬುವನ್ನ ಕರಕೊಂಡು ಆ ಸಂದಿಗೆ ಹೋದೆ. ಸುಬ್ಬು ರುದ್ರಪಟ್ಟಣದ ಹುಡುಗ, ಓದೋಕೆ ಅಂತ ಸೋದರಮಾವನ ಮನೇಲಿದ್ದ, ಒಳ್ಳೇ ಶಾರೀರ, ಬಾಯಿ ಮಾತ್ರ ಮೊನಚು. ಅವಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು, ಆಳುಗಳು ನಗ್ತಾ ಮಾತಾಡ್ತಾ ಹೊತ್ಕೊಂಡು ಹೋಗ್ತಿದ್ರು. ಸುಬ್ಬು ನನ್ನ ಮುಖ ನೋಡಿ, "ಅಂದ್ರೆ ಸಾರ್, ಅವರು ಕದಿಯೋವಾಗ ಯಾರೂ ಈ ಕಡೆ ಬರದ ಹಾಗೆ ನಾವು ನೋಡ್ಕೋತಿದ್ವಿ" ಅಂದ. ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು.

ಸೀದಾ ಗುರುಶಾಂತಪ್ಪನವರ ಮನೆಗೆ ಹೋದೆ. ಆಗ ತಾನೇ ಪೂಜೆ ಮುಗಿಸಿ ಜಗಲಿಗೆ ಬಂದು ಕೂತಿದ್ರು, ಹಣೆ ಮೇಲಿನ ವಿಭೂತಿ ಇನ್ನೂ ಹಸಿಯಾಗಿತ್ತು. "ಬಾಪ್ಪ ಶಿವಣ್ಣ, ಪ್ರಸಾದ ತಗೋ" ಅಂದ್ರು. ನಾನು ವಿಷಯ ಹೇಳಿದೆ. ಅವರೇನೂ ಬೆಚ್ಚಿಬೀಳಲಿಲ್ಲ, ಗೊತ್ತಾ? ನಿಧಾನವಾಗಿ, ಮಗುವಿಗೆ ಹೇಳೋ ಹಾಗೆ, "ನಿನ್ನ ಹುಡುಗರ ಮೈ ಮೇಲಿರೋ ಖಾಕಿ ಯಾವ ಬಾಗಿಲಿಂದ ಬಂತು ಅಂದ್ಕೊಂಡಿದ್ದೀಯಪ್ಪ? ಬಟ್ಟೆ ಡಿಪೋ ಮುಂದೆ ತಪ್ಪಲೆ ಇಟ್ಟುಕೊಂಡು ಕಾದಿದ್ದೆನಾ ನಾನು?" ಅಂದ್ರು. "ನೋಡು, ಮುಂಬಾಗಿಲು ನಿನಗೆ ಬಿಟ್ಟಿದೀನಿ, ಹಿತ್ತಲು ನನಗೆ ಬಿಡು. ಟ್ರೂಪು ಇರಬೇಕಾ ಬೇಡವಾ ಅಂತ ಮನೆಗೆ ಹೋಗಿ ಯೋಚನೆ ಮಾಡು. ಪ್ರಸಾದ ತಗೊಳ್ಳಲೇ ಇಲ್ಲವಲ್ಲ?" ಕೊಟ್ಟ ಬಾಳೆಹಣ್ಣು ಹಿಡ್ಕೊಂಡು ಬಂದೆ. ತಿನ್ನೋಕೆ ಮನಸ್ಸಾಗಲಿಲ್ಲ, ಪ್ರಸಾದ ಎಸೆಯೋಕೂ ಆಗಲಿಲ್ಲ, ಎಮ್ಮೆಗೆ ಹಾಕಿದೆ.

ಬೆಳಗ್ಗೆ ಪೂಜೆಗೆ ಕೂತ್ರೆ ಲಿಂಗದ ಮೇಲೆ ಕಣ್ಣು ನಿಲ್ಲಲೊಲ್ಲದು. ಟ್ರೂಪ್ ಉಳಿಸ್ಕೋಬೇಕಾ, ಟ್ರೂಪಿನಲ್ಲಿ ಹೇಳಿಕೊಟ್ಟಿದ್ದನ್ನ ಉಳಿಸ್ಕೋಬೇಕಾ, ಇಷ್ಟೇ. ಎದ್ದು ಡಿಪೋ ಹತ್ತಿರ ಹೋಗಿ ಹುಡುಗರನ್ನ ಕೂಡಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆ. "ಇವತ್ತು ಸಾಲು ಹಿತ್ತಲ ಬಾಗಿಲಿಗೆ. ಮನೇಲಿ ಬೈತಾರೆ ಅನ್ನೋರು ಈಗಲೇ ಹೋಗಿಬಿಡಿ, ನಾನೇನೂ ಅಂದ್ಕೊಳ್ಳಲ್ಲ" ಅಂದೆ. ಕೆಲವರು ಹೋದ್ರು. ಉಳಿದವರು ಕೋಲು ತಗೊಂಡ್ರು. ಸೀಟಿ ಊದಿದೆ. ಏನು ಸದ್ದು ಅಂತೀರಿ! ತಪ್ಪಲೆ, ಮಂಕರಿ, ಚೀಲ, ಕಲ್ಲು, ಒಂದರ ಹಿಂದೊಂದು, ಕ್ರಮ ಒಂದಿಷ್ಟೂ ತಪ್ಪದ ಹಾಗೆ, ಕೋಲಿನ ತುದೀಲಿ ತಳ್ಕೊಂಡು, ಬೀದಿ ತಿರುಗಿ, ಸಂದಿ ತಿರುಗಿ, ಹಿತ್ತಲಿಗೆ. ಗರಗರ ಗರಗರ ಅಂತ ಇಡೀ ಪೇಟೆ ಬೀದಿ ಕಿವಿ ಮುಚ್ಕೊಳ್ತು. ಹುಡುಗರು ಎಷ್ಟು ಶ್ರದ್ಧೆಯಿಂದ ತಳ್ಳಿದ್ವು ಅಂದ್ರೆ, ಚಿನ್ನದ ಬಟ್ಟಲು ಸಾಗಿಸ್ತಿರೋ ಹಾಗೆ.

ದೊಡ್ಡಮನೆ ಆಳು ಒಬ್ಬ ಖಾಲಿ ಚೀಲ ಹಿಡ್ಕೊಂಡು ಬಂದ. "ಏಯ್ ದಾರಿ ಬಿಡ್ರೋ!"

"ಚೀಲ ಕೊನೇಲಿ ಇಡಿ ಅಣ್ಣ" ಅಂದ ಸುಬ್ಬು.

"ಯಾರ ಮನೆ ಚೀಲ ಗೊತ್ತೇನ್ಲಾ?"

"ಖಾಲಿ ಚೀಲ ಅಂತ ಗೊತ್ತು. ತುಂಬಿದ ಮೇಲೆ ಯಾರ ಮನೇದು ಅಂತ ಹೇಳುವಿರಂತೆ."

ಡಿಪೋ ಗುಮಾಸ್ತ ಹಿತ್ತಲ ಕದ ತೆಗೆದ, ಹೊಸಲಿಗೇ ತಾಗಿದ ಹಾಗೆ ಪುಟ್ಟನಂಜವ್ವನ ಸೊಟ್ಟ ತಪ್ಪಲೆ. ಕದ ಹಾಕಿದ. ಮತ್ತೆ ತೆಗೆದ, ತಪ್ಪಲೆ ಅಲ್ಲೇ ಇತ್ತು. ಅಷ್ಟರಲ್ಲಿ ಊರಿಗೆ ಊರೇ ಸಂದೀಲಿ. ಗುರುಶಾಂತಪ್ಪನವರು ಬಂದ್ರು. ಈಗ ನೋಡಪ್ಪ, ಬೈತಾರೆ, ಹೊಡೆಸ್ತಾರೆ ಅಂತ ನಾನು ಹುಡುಗರ ಮುಂದೆ ಹೋಗಿ ನಿಂತೆ. ಅವರು ಜನವನ್ನ ಒಂದು ಸಲ ನೋಡಿದ್ರು, ನನ್ನ ಹೆಗಲ ಮೇಲೆ ಕೈ ಹಾಕಿದ್ರು, ಗಟ್ಟಿಯಾಗಿ ಹೇಳಿದ್ರು: "ಮುಂದ್ಗಡೆ ಬಿಸಿಲು. ನಮ್ಮ ಜನ ಸುಡಬಾರದು ಅಂತ ನಾನೇ ಶಿವಣ್ಣನಿಗೆ ಹೇಳಿ ಸಾಲು ನೆರಳಿಗೆ ತಿರುಗಿಸಿದ್ದು. ಕೊಡ್ರಪ್ಪ ಅಕ್ಕಿ, ಎಲ್ಲರಿಗೂ ಕೊಡಿ!" ಆ ದಿವಸ ಎಲ್ಲರಿಗೂ ಸಿಕ್ತು. ಕೊನೇ ಮಂಕರಿಯವರೆಗೂ ಸಿಕ್ತು. ಅಂದ್ರೆ ಅಕ್ಕಿ ಇತ್ತು, ತಿಳೀತಾ? ಅಷ್ಟು ದಿನವೂ ಇತ್ತು. ಜನ ಏನು ಮಾಡಿದ್ರು ಗೊತ್ತಾ? ಸಾಹುಕಾರ್ರ ಕಾಲಿಗೆ ಬಿದ್ರು. ಧರ್ಮದೊರೆ ಅಂದ್ರು. ಪುಟ್ಟನಂಜವ್ವನೂ ಕೈ ಮುಗಿದಳು. "ಏನವ್ವ, ನೀನೂನಾ?" ಅಂದೆ. ಅವಳು ತಲೆ ತಗ್ಗಿಸಿ, "ನಾಳೀಕೂ ಅಕ್ಕಿ ಬೇಕಲ್ಲ ಸಿವಣ್ಣೋರೆ" ಅಂದಳು. ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಮಾತು ಅವಳ ಬಾಯಿಂದ ಬರೋ ಹಾಗೆ ಮಾಡಿದೋರ ಮೇಲೆ ಬಂದ ಅಸಹ್ಯ ಇವತ್ತಿಗೂ ಹೋಗಿಲ್ಲ.

ಆಮೇಲೇನು? ಕಮಿಟಿ ಸೇರಿತು, ನನ್ನನ್ನ ಕರೀಲೂ ಇಲ್ಲ. ಟ್ರೂಪಿನ ಅಂಗಿಗಳು ಅಧ್ಯಕ್ಷರ ಸ್ವತ್ತು, ವಾಪಸ್ ಕೊಡಿ ಅಂತ ಹೇಳಿ ಕಳಿಸಿದ್ರು. ನಾನು ಕೊಡಬೇಡಿ ಅಂತ ಹೇಳೋಕೆ ಮನೆ ಮನೆಗೆ ಹೊರಟರೆ, ಅಪ್ಪಂದಿರು ಆಗಲೇ ಒಗೆದು ಮಡಿಚಿ ಕೊಟ್ಟು ಬಂದಿದ್ರು. ಆ ಅಕ್ಕಿ ಉಂಡು ತೇಗಿದ ಬಾಯಲ್ಲೇ, "ಅನ್ನ ಕೊಡೋ ದೊರೆ ಮೇಲೆ ನಮ್ಮ ಹುಡುಗರನ್ನ ಎತ್ತಿಕಟ್ಟಿದ್ರಲ್ರೀ, ನೀವು ಮನುಷ್ಯರಾ?" ಅಂದ್ರು. ಸುಬ್ಬುವನ್ನ ಸೋದರಮಾವ ಊರಿಗೆ ಕಳಿಸಿಬಿಟ್ಟ. ಸಾಹುಕಾರ್ರ ಅಳಿಯ ಸ್ಕೌಟ್ ಮೇಷ್ಟ್ರಾದ, ಒಂದು ಗಂಟು ನೆಟ್ಟಗೆ ಹಾಕೋಕೆ ಬರ್ತಿರಲಿಲ್ಲ ಅವನಿಗೆ. ಹಿತ್ತಲ ಸಂದಿಗೆ ಅಡ್ಡ ಗೋಡೆ ಎದ್ದಿತು. ಮುಂಬಾಗಿಲಲ್ಲಿ ಮತ್ತೆ ಹುಡುಗರು, ಮತ್ತೆ ಕೋಲು, ಮಧ್ಯಾಹ್ನಕ್ಕೆ ಮುಂಚೆ ಮತ್ತೆ "ಮುಗೀತು". ನಾನು ಆ ಬೀದೀಲಿ ಓಡಾಡೋದನ್ನೇ ಬಿಟ್ಟೆ. ದೇವಸ್ಥಾನದಲ್ಲಿ ಅವರು ಎದುರಿಗೆ ಸಿಕ್ಕಿ "ಶರಣು ಶಿವಣ್ಣ" ಅಂದ್ರೆ, ಅವರ ಹಣೆ ಮೇಲಿರೋ ವಿಭೂತಿಗೆ ಶರಣು ಅಂತ ಮನಸ್ಸಿನಲ್ಲೇ ಅಂದುಕೊಂಡು ಮುಂದೆ ಹೋಗ್ತಿದ್ದೆ.

ಅಷ್ಟೇ ಕಣ್ರಪ್ಪ. ಸೇವೆಗೆ ಅಂತ ಯಾರಾದ್ರೂ ಕರೆದ್ರೆ ಹೋಗಿ, ಹೋಗಬೇಡಿ ಅನ್ನಲ್ಲ. ಆದ್ರೆ ನಿಂತ್ಕೊಳ್ಳೋಕೆ ಮುಂಚೆ ಆ ಮನೆ ಹಿತ್ತಲಿಗೊಂದು ಸಲ ಹೋಗಿ ಬನ್ನಿ. ಇದನ್ನ ನಿಮ್ಮ ಮಕ್ಕಳಿಗೂ ಹೇಳಿ, ನಾನು ಬೈದಷ್ಟೂ ಬೈದೇ ಹೇಳಿ, ದೊಡ್ಡೋರ ವಿಷಯ ಅಂತ ಮೆತ್ತಗೆ ಮಾಡಬೇಡಿ.