ಎತ್ತಿದ ತಾಟು

ಗೋವಾದ ಕೊರ್ತಾಲಿಮ್ ಬಸ್ ನಿಲ್ದಾಣದಲ್ಲಿ ಮಣಿಸರದ ಗಂಟು ಹಿಡಿದು ಕೂತಿದ್ದ ಥಾವರಿಬಾಯಿಯ ಪಕ್ಕಕ್ಕೇ ಒಬ್ಬ ತಾಯಿ, ಮಗ ನಿಂತಿದ್ದರು. ಬೇಡವೆಂದರೂ ಅವರ ಮಾತು ಇವಳ ಕಿವಿಗೆ ಬೀಳುತ್ತಿತ್ತು.

"ಹೋಟೆಲ್‌ದಾಗ ಉಂಡ ತಾಟು ಯಾರರ ತೊಳೀತಾರೇನು? ನನ್ನ ಗೆಳ್ಯಾರ ತಾಟೂ ಎತ್ಕೊಂಡು ನಳದ ಕಡೆ ಹೊಂಟಿದ್ದಿ."

"ಉಂಡ ತಾಟು ಹಂಗ ಬಿಟ್ಟು ಹೆಂಗ ಏಳೂದಪ್ಪಾ?"

"ಯಾರೀಕಿ ಅಂತ ಅವರೂ ಕೇಳಿದ್ರು, ಹೋಟೆಲ್ ಮಾಲಕನೂ ಕೇಳಿದ."

"ನೀ ಏನಂದಿ?"

"ನಮ್ಮ ಮನಿ ಕೆಲಸದಾಕಿ ಅಂದೆ. ಮತ್ತೇನನ್ಲಿ?"

ತಾಯಿ ಇನ್ನೂ ಒದ್ದೆಯಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಅದಕ್ಕ ಆ ಮಾಲಕ ನಾಳಿಂದ ಭಾಂಡೆ ತಿಕ್ಕಾಕ ಬಾ ಅಂದ. ನಾ ಚ್ಯಾಷ್ಟಿ ಅನ್ಕೊಂಡಿದ್ದೆ."

"ಚ್ಯಾಷ್ಟಿ ಅಲ್ಲ. ನಾ ಹೂಂ ಅಂದೇನಿ. ಎಂಟಕ್ಕ ಹೋಗು. ಅಲ್ಲಿ ನನ್ನ ಹೆಸರು ತಗೀಬ್ಯಾಡ."

ಬಸ್ಸು ಬಂತು. ಮಗ ಮುಂದಿನ ಬಾಗಿಲಿಂದ ಹತ್ತಿ, ತಾಯಿಗೆ ಹಿಂದಿನ ಬಾಗಿಲು ತೋರಿಸಿದ.