‘ನಕಲಿ’ ಎಂದು ನಾನು ಷರಾ ಬರೆದ ಪ್ರಮಾಣಪತ್ರದ ಬಗ್ಗೆ

ಹೇಳಿಕೆ ಕೊಡುತ್ತಿರುವವರು: ಮಹಿಳೆ, ವಯಸ್ಸು 51 ವರ್ಷ. ಉದ್ಯೋಗ: ಮೀನು ಮತ್ತು ತರಕಾರಿ ಶೈತ್ಯಾಗಾರದ ಸಿಬ್ಬಂದಿ ವಿಭಾಗದಲ್ಲಿ ಹಿರಿಯ ಗುಮಾಸ್ತೆ, ಸೇವೆ 23 ವರ್ಷ. ವಾಸ: ಶೈತ್ಯಾಗಾರದಿಂದ ಒಂದೂವರೆ ಕಿಲೋಮೀಟರ್ ದೂರದ ನೌಕರರ ವಸತಿ, ಎರಡನೇ ಮಹಡಿ, ಮನೆ ಸಂಖ್ಯೆ 14.

ಈ ಮೂಲಕ ತಿಳಿಸುವುದೇನೆಂದರೆ, ಕೆಲಸಕ್ಕೆ ಬಂದ ಅರ್ಜಿಗಳನ್ನು ತೆಗೆದುಕೊಂಡು, ಪ್ರಮಾಣಪತ್ರ ಅಸಲಿಯೋ ಅಲ್ಲವೋ ನೋಡಿ, ಕಡತದ ಮೇಲೆ ಷರಾ ಬರೆಯುವುದು ನನ್ನ ಕೆಲಸ. ಷರಾ ನೋಡಿ ಮ್ಯಾನೇಜರ್ ಸಹಿ ಹಾಕುತ್ತಾರೆ. ನಾನು ಬರೆದ ಮೇಲೆ ಅವರು ಕಡತ ಬಿಚ್ಚಿ ನೋಡಿದ್ದನ್ನು ನಾನು ಇದುವರೆಗೆ ಕಂಡಿಲ್ಲ.

ಕಳೆದ ವರ್ಷ ಎಂಟನೇ ತಿಂಗಳ 22ನೇ ತಾರೀಖು ಬೆಳಿಗ್ಗೆ 11-15ಕ್ಕೆ ಪ್ಯಾಕಿಂಗ್ ವಿಭಾಗದ ಕೆಲಸಗಾರ್ತಿಯೊಬ್ಬಳು ನನ್ನ ಮೇಜಿನ ಬಳಿ ಬಂದಳು. ವಯಸ್ಸು 34. ಏಳು ವರ್ಷದಿಂದ ಬಟಾಣಿ ತುಂಬುವ ಸಾಲಿನಲ್ಲಿದ್ದಳು. ಊಟದ ಬಿಡುವಿನಲ್ಲಿ ಬೋರಲು ಹಾಕಿದ ಕ್ರೇಟಿನ ಮೇಲೆ ಕೂತು ಫೋನಿನಲ್ಲಿ ಪಾಠ ಕೇಳುತ್ತಿದ್ದುದರಿಂದ ಎಲ್ಲರೂ ಅವಳನ್ನು ಟೀಚರಮ್ಮ ಎಂದು ಛೇಡಿಸುತ್ತಿದ್ದರು. ನಾನೂ ಹಾಗೆಯೇ ಕರೆಯುತ್ತಿದ್ದೆ. ಯಂತ್ರದ ಕೋಣೆಯ ಸಹಾಯಕ ಆಪರೇಟರ್ ಹುದ್ದೆಗೆ ಅರ್ಜಿ ತಂದಿದ್ದಳು. ಜೊತೆಗೆ ಅಮೋನಿಯ ಅನಿಲದಿಂದ ನಡೆಯುವ ಶೈತ್ಯ ಯಂತ್ರಗಳ ಸುರಕ್ಷತೆ ಕುರಿತ ಆರು ತಿಂಗಳ ಆನ್‌ಲೈನ್ ಕೋರ್ಸಿನ ಪ್ರಮಾಣಪತ್ರವಿತ್ತು.

ಫೋನ್ ನೋಡ್ಕೊಂಡು ಮಷೀನ್ ಕಲಿಯೋಕಾಗುತ್ತೇನಮ್ಮ ಎಂದು ನಾನು ಕೇಳಿದೆ. ಪರೀಕ್ಷೆ ಮೂರು ಗಂಟೆಯದು, ಕ್ಯಾಮೆರಾ ಮುಂದೆ ಕೂತು ಬರೆದೆ, ತಲೆ ತಿರುಗಿಸೋ ಹಾಗೂ ಇರಲಿಲ್ಲ ಎಂದಳು. ಆಮೇಲೆ ಕಾಗದದ ತಳಭಾಗಕ್ಕೆ ಬೆರಳಿಟ್ಟು, ‘ಇಲ್ಲಿ ನಂಬರ್ ಇದೆ ಮೇಡಂ. ಅವರ ವೆಬ್‌ಸೈಟಿಗೆ ಹಾಕಿದ್ರೆ ನನ್ನದೇ ಅಂತ ಗೊತ್ತಾಗುತ್ತೆ’ ಎಂದಳು. ಆಗಲಿ ನೋಡೋಣ ಎಂದು ಕಳಿಸಿದೆ.

ಆಕೆ ಹೋದ ಮೇಲೆ ಕಡತದಲ್ಲಿ ‘ಪರಿಶೀಲಿಸಲಾಗಿದೆ. ನಕಲಿ. ತಿರಸ್ಕರಿಸಬಹುದು’ ಎಂದು ಬರೆದೆ. ನಾನು ಪರಿಶೀಲಿಸಲಿಲ್ಲ. ಕಂಪ್ಯೂಟರ್ ನನ್ನ ಎಡಗಡೆ ಒಂದು ಮೊಳ ದೂರದಲ್ಲೇ ಇತ್ತು. ಅಂದು ಬೇರೆ ತುರ್ತು ಕೆಲಸವೂ ಇರಲಿಲ್ಲ. ಮಧ್ಯಾಹ್ನ ಮೇಜಿನ ಮೇಲಿದ್ದ ಪೆನ್ಸಿಲ್‌ಗಳನ್ನೆಲ್ಲ ಕೂತು ಚೂಪು ಮಾಡಿದ್ದು ನೆನಪಿದೆ.

ಹಾಗೇಕೆ ಮಾಡಿದಿರಿ ಎಂದು ಠಾಣೆಯ ಅಧಿಕಾರಿಯವರು ಕೇಳಿದ್ದಕ್ಕೆ ಹೇಳುವುದೇನೆಂದರೆ, ನನ್ನ ಅಕ್ಕನ ಮಗಳು ಎರಡು ವರ್ಷ ದಿನಾ ಎರಡು ಬಸ್ಸು ಬದಲಿಸಿ ಕಾಲೇಜಿಗೆ ಹೋಗಿ ಕಲಿತು, ಕೆಲಸ ಸಿಗದೆ ಮನೆಯಲ್ಲಿ ಕೂತಿದ್ದಾಳೆ. ಕ್ರೇಟಿನ ಮೇಲೆ ಕೂತು ಓದಿದವಳು ಯಂತ್ರದ ಕೋಣೆಗೆ ಹೋಗುವುದೆಂದರೆ ನನಗೆ ಹೊಟ್ಟೆ ಉರಿಯಿತು. ಬೇರೆ ಕಾರಣವಿಲ್ಲ. ಹುದ್ದೆ ‘ಅರ್ಹರು ಸಿಗಲಿಲ್ಲ’ ಎಂದು ಖಾಲಿ ಉಳಿಯಿತು.

ಈ ತಿಂಗಳ 9ನೇ ತಾರೀಖು ಬೆಳಿಗ್ಗೆ 10-42ಕ್ಕೆ ನಾನು ಮೊದಲ ಮಹಡಿಯ ಕಚೇರಿಯಲ್ಲಿದ್ದಾಗ ಕಣ್ಣು ಮೂಗು ಉರಿಯುವ ಘಾಟು ಬಂತು. ಕಿಟಕಿಯಿಂದ ನೋಡಿದೆ. ಪ್ಯಾಕಿಂಗ್ ವಿಭಾಗದವರು ಮುಖ್ಯ ಗೇಟಿನತ್ತ ಓಡುತ್ತಿದ್ದರು. ಟೀಚರಮ್ಮ ಅಡ್ಡ ನಿಂತು, ಆ ಕಡೆ ಬೇಡ, ಗಾಳಿ ಅತ್ತಲೇ ಬೀಸ್ತಿದೆ, ಹಿಂದಿನ ಗೇಟಿಗೆ ನಡೀರಿ ಎಂದು ಕೂಗಿ ಅವರನ್ನು ತಿರುಗಿಸಿದಳು. ನಾನು ಎಣಿಸಿದೆ, 26 ಜನ ಆ ಗೇಟಿನಿಂದ ಹೊರಗೆ ಹೋದರು. 10-49ಕ್ಕೆ ಆಕೆ ಒದ್ದೆ ಟವೆಲ್ಲನ್ನು ಮುಖಕ್ಕೆ ಕಟ್ಟಿಕೊಂಡು ಯಂತ್ರದ ಕೋಣೆಗೆ ಹೋದಳು. 10-53ಕ್ಕೆ ಯಂತ್ರಗಳ ಸದ್ದು ನಿಂತಿತು. ಆಕೆ ಗೋಡೆ ತಡವುತ್ತ ಹೊರಬಂದು, ಬಾಗಿಲಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕುಸಿದಳು.

ಆಪರೇಟರ್ ಆಗ ಕೆಟ್ಟ ಫ್ಯಾನ್ ನೋಡಲು ತಾರಸಿಗೆ ಹೋಗಿದ್ದರು. ಸಹಾಯಕರಿಲ್ಲದ ಕಾರಣ ಕೆಳಗೆ ಯಾರೂ ಇರಲಿಲ್ಲ. 10-55ಕ್ಕೆ ಇಳಿದು ಬಂದು ಪರೀಕ್ಷಿಸಿ, ಮುಚ್ಚಬೇಕಾದ ವಾಲ್ವನ್ನೇ ಮುಚ್ಚಿದಾಳೆ, ಇನ್ನೊಂದು ಐದು ನಿಮಿಷ ಹೋಗಿದ್ರೆ ಪಕ್ಕದ ಬೀದೀನೂ ಖಾಲಿ ಮಾಡಿಸಬೇಕಿತ್ತು ಎಂದು ನನಗೆ ಹೇಳಿದರು. ಅನಿಲ ತಡೆಯುವ ಮುಖವಾಡ ಬೀಗ ಹಾಕಿದ ಬೀರುವಿನಲ್ಲಿತ್ತು. ನಿಯಮದ ಪ್ರಕಾರ ಅದರ ಕೀಲಿ ಆಪರೇಟರ್ ಬಳಿ ಒಂದು, ಸಹಾಯಕ ಆಪರೇಟರ್ ಬಳಿ ಒಂದು ಇರಬೇಕು. ಎರಡೂ ಕೀಲಿ ಆಪರೇಟರ್ ಸೊಂಟದಲ್ಲೇ ಇದ್ದವು.

10ನೇ ತಾರೀಖು ಮಾಲೀಕರು, ಅಧಿಕಾರವಿಲ್ಲದವಳು ವಾಲ್ವ್ ಮುಟ್ಟಿ ಯಂತ್ರ ನಿಲ್ಲಿಸಿದ್ದರಿಂದ ಮೂರು ಕೋಣೆಯ ಮಾಲು ಕೆಟ್ಟಿದೆ ಎಂದು ಇದೇ ಠಾಣೆಯಲ್ಲಿ ದೂರು ಕೊಟ್ಟರು. 11ನೇ ತಾರೀಖು 12-10ಕ್ಕೆ ಮ್ಯಾನೇಜರ್ ನನ್ನನ್ನು ಕರೆಸಿ, ‘ನೀವೇ ನಕಲಿ ಅಂತ ಬರೆದಿದೀರಲ್ಲ, ಅದರದೊಂದು ಪ್ರತಿ ಕೊಡಿ, ಇನ್ನೇನೂ ಬೇಕಾಗಿಲ್ಲ’ ಎಂದರು. ಪ್ರತಿ ತೆಗೆಯುವ ಯಂತ್ರ ಬಿಸಿಯಾಗುವುದನ್ನು ಕಾಯುತ್ತ ನಾನು ಆ ನಂಬರನ್ನು ಮೊದಲ ಬಾರಿಗೆ ಕಂಪ್ಯೂಟರಿಗೆ ಹಾಕಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಆಕೆಯ ಫೋಟೊ, ನೂರಕ್ಕೆ 91 ಅಂಕ, ಕಲಿತ ವಿಷಯಗಳ ಪಟ್ಟಿ ಬಂದವು. ಪಟ್ಟಿಯಲ್ಲಿ ನಾಲ್ಕನೆಯದು ‘ಸೋರಿಕೆಯಾದಾಗ ಮಾಡಬೇಕಾದ್ದು’. ಅದನ್ನು ಓದಿ ಮುಚ್ಚಿದೆ. ಮುಚ್ಚಿ, ಪ್ರತಿಯನ್ನು ಒಯ್ದು ಮ್ಯಾನೇಜರಿಗೆ ಕೊಟ್ಟೆ.

13ನೇ ತಾರೀಖು ಸಂಜೆ 4-30ಕ್ಕೆ ಆಸ್ಪತ್ರೆಗೆ ಹೋದೆ. ಆಕೆಯ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಬಲಗಣ್ಣು ಬರಬಹುದು, ಎಡಗಣ್ಣಿನ ಬಗ್ಗೆ ಈಗಲೇ ಹೇಳಲಾಗದು ಎಂದು ನರ್ಸ್ ತಿಳಿಸಿದರು. ನಾನು ಯಾರೆಂದು ಹೇಳಿದಾಗ ಆಕೆ ನನ್ನ ಕೈಗಾಗಿ ಹಾಸಿಗೆಯ ಮೇಲೆ ತಡಕಾಡಿದಳು. ಗಂಟಲು ಸುಟ್ಟಿದ್ದರಿಂದ ಮಾತು ಪಿಸುಗುಟ್ಟಿದ ಹಾಗಿತ್ತು. ‘ಕಲೀದೆ ಮುಟ್ಟಿದೆ ಅಂತ ಕೇಸ್ ಹಾಕಿದಾರಂತೆ ಮೇಡಂ. ನನ್ನ ಸರ್ಟಿಫಿಕೇಟ್ ನಿಮ್ಮ ಹತ್ರಾನೇ ಇದೆಯಲ್ಲ. ನೀವೊಂದು ಮಾತು ಹೇಳಿದ್ರೆ ಸಾಕು, ನಂಬ್ತಾರೆ’ ಎಂದಳು. ನಾನು ಆಗಲಿ ಎಂದೆ. ಆಕೆಯ ಗಂಡ, ದರ್ಜಿ, ಲಿಫ್ಟಿನವರೆಗೂ ಬಂದು ಉಪಕಾರವಾಯಿತು ಎಂದರು. ನಾನು ಲಿಫ್ಟಿನಲ್ಲಿ ಕೆಳಗಿಳಿದು, ಮತ್ತೆ ಮೇಲೆ ಹೋಗಿ, ಅದೇ ಲಿಫ್ಟಿನಲ್ಲಿ ಇಳಿದು ಮನೆಗೆ ಹೋದೆ.

ಈ ದಿನ ಕೆಲಸಕ್ಕೆ ಹೋಗದೆ ಇಲ್ಲಿಗೆ ಬಂದಿದ್ದೇನೆ. ಮೂಲ ಕಡತ ನಿನ್ನೆಯೇ ಮ್ಯಾನೇಜರ್ ವಶಕ್ಕೆ ಹೋಗಿದೆ. ಪ್ರಮಾಣಪತ್ರದ ನಂಬರನ್ನು ಚೀಟಿಯಲ್ಲಿ ಬರೆದು ತಂದು ಹಾಜರುಪಡಿಸಿದ್ದೇನೆ. ಅಧಿಕಾರಿಯವರು ನನ್ನ ಎದುರಿಗೇ ಅದನ್ನು ಹಾಕಿ ನೋಡಿದ್ದಾರೆ. ಇದರಿಂದ ನನ್ನ ಕೆಲಸ ಹೋಗುವುದೆಂದು ತಿಳಿದಿದೆ. ಷರಾ ಬರೆದವಳು ನಾನೆಂದು ಆಕೆಗೆ ಇನ್ನೂ ಗೊತ್ತಿಲ್ಲ. ಠಾಣೆಯಿಂದ ಯಾರೂ ಹೇಳಬಾರದೆಂದು ಕೋರುತ್ತೇನೆ, ಇಲ್ಲಿಂದ ನೇರ ಹೋಗಿ ನಾನೇ ಹೇಳುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ಒಂದು ಕಡೆ ‘ಪರಿಶೀಲಿಸಲು ಆಗಲಿಲ್ಲ’ ಎಂದಿತ್ತು. ಅದನ್ನು ಹೊಡೆದುಹಾಕಿಸಿ ‘ಪರಿಶೀಲಿಸಲಿಲ್ಲ’ ಎಂದು ತಿದ್ದಿಸಿ, ತಿದ್ದಿದ ಜಾಗದಲ್ಲಿ ಬೇರೆಯಾಗಿ ಸಹಿ ಹಾಕಿದ್ದೇನೆ. ಉಳಿದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ.

ಸ್ಥಳ: ಪೊಲೀಸ್ ಠಾಣೆ
ತಾರೀಖು: 14, ಮಧ್ಯಾಹ್ನ 3-20
(ಸಹಿ)