ಮದರ್ ಜೋಸೆಟ್‌ಳ ನೀರಿನ ಲೋಟ

ಇದು ಪಕ್ಕದ ಮನೆ ಒಡೀಲ್‌ಳ ಗಂಡ ಆಲ್ಸೀಡ್‌ಗೆ ಆದದ್ದು. ನ್ಯೂ ಆರ್ಲಿಯನ್ಸ್‌ನಲ್ಲಿ, ಇದೇ ಬೀದಿಯಲ್ಲಿ. ಮಕ್ಕಳು ಮಲಗಿವೆ, ಹತ್ತಿರ ಬನ್ನಿ.

ಆ ರಾತ್ರಿ ಆಲ್ಸೀಡ್ ಪ್ರಾರ್ಥನಾ ಮಂದಿರದ ಹಿಂದಿನ ಮಳೆನೀರಿನ ತೊಟ್ಟಿಯ ಪಕ್ಕ ಹಾದು ಮನೆಗೆ ಬರುತ್ತಿದ್ದ. ಜೇಬಿನಲ್ಲಿ ಮಂದಿರದ ಅಡುಗೆಮನೆಯ ಬೀಗದ ಕೈ. ಸಂಜೆಯಷ್ಟೇ ಬೀಗ ಜಡಿದಿದ್ದ.

ಆ ಅಡುಗೆಮನೆ ಮದರ್ ಜೋಸೆಟ್ ಕಟ್ಟಿಸಿದ್ದು. ಸತ್ತವರ ಮಾತನ್ನು ಬದುಕಿರುವವರಿಗೆ ಮುಟ್ಟಿಸುತ್ತಿದ್ದ ಪಾದ್ರಿ ಆಕೆ. ಭಾನುವಾರ ಸತ್ತವರ ಕೆಲಸ, ಸೋಮವಾರ ಹಸಿದವರ ಕೆಲಸ. ಅನ್ನ, ಕೆಂಪು ಕಾಳಿನ ಸಾರು ಬೆಂದಾಗ ಸೌಟಿನಿಂದ ಹಂಡೆಗೆ ಬಡಿಯುತ್ತಿದ್ದಳು. ಠಣ್... ಠಣ್... ಬಂದವರನ್ನು ಒಂದೇ ಮಾತು ಕೇಳುತ್ತಿದ್ದಳು, "ಹಸಿವಾ, ಮಗಾ?"

ಆಕೆ ಸತ್ತಳು. ಮಂದಿರದ ಯಜಮಾನಿಕೆ ಆಲ್ಸೀಡ್ ಕೈಗೆ ಬಂತು. ಅಡುಗೆಮನೆಯನ್ನು ಸಾರಾಯಿ ಅಂಗಡಿಗೆ ಬಾಡಿಗೆಗೆ ಕೊಡಲು ಅವನು ಒಪ್ಪಿಬಿಟ್ಟ. ತೀರಿಹೋದವರ ಪಟದ ಮುಂದೆ ಲೋಟ ತುಂಬಾ ನೀರಿಡುವುದು ಮಂದಿರದ ಪದ್ಧತಿ. ಆ ನೀರು ಸತ್ತವರದು, ಲೋಟ ಬರಿದಾಗಬಾರದು. ಈ ಮಹಾರಾಯ ಮದರ್ ಪಟದ ಮುಂದಿನ ನೀರನ್ನು ಚರಂಡಿಗೆ ಚೆಲ್ಲಿದ.

"ಸತ್ತವರ ಬಾಯಿಂದ ನೀರು ಕಿತ್ಕೊಂಡ್ಯಲ್ಲೋ, ಪಾಪಿ!" ಎಂದಳು ಒಡೀಲ್.

"ಸತ್ತೋಳಿಗೆಂಥ ಬಾಯಾರಿಕೆ? ನಿನ್ನ ನಾಲಿಗೆಗೂ ಒಂದು ಬೀಗ ತರ್ತೀನಿ, ಇರು."

ಈಗ, ತೊಟ್ಟಿಯ ಹತ್ತಿರ...

ಠಣ್.

ಬೀಗ ಹಾಕಿದ ಅಡುಗೆಮನೆಯ ಒಳಗಿಂದ.

ಠಣ್... ಠಣ್...

ಅವನ ಗಂಟಲು ಒಣಗಿತು. ತೊಟ್ಟಿಯ ನಲ್ಲಿ ತಿರುಗಿಸಿದ. ಜುಳುಜುಳು ಸದ್ದು ಚೆನ್ನಾಗಿ ಕೇಳಿತು. ಬೊಗಸೆ ಒಡ್ಡಿದ. ಕೈಗೆ ಒಂದು ಹನಿಯೂ ತಾಗಲಿಲ್ಲ.

ಕಿವಿಯ ಹಿಂದೆಯೇ ಯಾರೋ ಪಿಸುಗುಟ್ಟಿದರು. "ಬಾಯಾರಿಕೆಯಾ, ಮಗಾ?"

ಬಿದ್ದಂಬೀಳ ಓಡಿದ. ಮನೆಯಲ್ಲಿ ಒಡೀಲ್ ಚೊಂಬು ತುಂಬಿ ಕೊಟ್ಟಳು. ತುಟಿಗೆ ಮುಟ್ಟಿಸಿದರೆ ಖಾಲಿ. ಮತ್ತೆ ಕೊಟ್ಟಳು. ಖಾಲಿ.

"ಹೋಗು," ಎಂದಳು ಒಡೀಲ್, ದನಿ ತಗ್ಗಿಸಿ. "ಬೀಗ ತೆಗಿ. ಲೋಟ ತುಂಬಿಸು. ಮದರ್ ಕಾಲು ಹಿಡ್ಕೋ."

"ಬಾಡಿಗೆಗೆ ಮಾತು ಕೊಟ್ಟಿದ್ದೀನಿ ಕಣೇ."

"ಆ ಮಾತನ್ನೇ ಕುಡಿ, ಹಾಗಾದ್ರೆ."

ಮರುದಿನವಿಡೀ ಜಂಬದಲ್ಲಿ ಕೂತ. ಕಾಫಿ ಇಲ್ಲ, ಸಾರಿಲ್ಲ, ಅವನೆತ್ತಿದ ರಮ್ಮು ಕೂಡ ಬಾಯಿಗೆ ಬರುವಷ್ಟರಲ್ಲಿ ಇಂಗಿಹೋಯಿತು. ನಾಲಿಗೆ ಮರದ ತುಂಡಾಯಿತು. ಕತ್ತಲಾದ ಮೇಲೆ ತೆವಳಿಕೊಂಡು ಮಂದಿರಕ್ಕೆ ಹೋದ. ಒಡೀಲ್ ಹಿಂದೆಯೇ ಹೋಗಿ ಬಾಗಿಲ ಹೊರಗೆ ನಿಂತಳು. ಅವನು ಲೋಟ ತುಂಬಿ ಪಟದ ಮುಂದಿಟ್ಟ.

ಗುಟುಕ್... ಗುಟುಕ್...

ಲೋಟ ಬರಿದಾಯಿತು. ಮತ್ತೆ ತೊಟ್ಟಿಗೆ ಓಡಿದ, ತಂದಿಟ್ಟ. ಗುಟುಕ್... "ಸಾಕು ಅನ್ನು, ಮದರ್," ಅಂತ ಅಳುತ್ತಿದ್ದನಂತೆ. ಒಳಗೆ ಹೋಗೋಣವೆಂದರೆ ಒಡೀಲ್‌ಳ ಕಾಲೇ ಏಳಲಿಲ್ಲ. ರಾತ್ರಿಯಿಡೀ ಅವನ ಹೆಜ್ಜೆ, ಆ ಗುಟುಕು. ಆಮೇಲೆ ಹೆಜ್ಜೆ ನಿಂತಿತು.

ಬೆಳಗ್ಗೆ ನೋಡಿದರೆ ತೊಟ್ಟಿಯ ತಳ ಕಾಣುತ್ತಿತ್ತು. ಆಲ್ಸೀಡ್ ಪಟದ ಕೆಳಗೆ ಸತ್ತುಬಿದ್ದಿದ್ದ. ಬಟ್ಟೆಯೆಲ್ಲ ತೊಯ್ದು ತೊಪ್ಪೆ, ತುಟಿ ಮಾತ್ರ ಒಣಗಿ ಬಿರಿದಿತ್ತು. ಮದರ್ ಲೋಟ ಅಂಚಿನವರೆಗೆ ತುಂಬಿತ್ತು.

ಅಡುಗೆಮನೆ ಮತ್ತೆ ತೆರೆಯಿತು. ಈಗ ಸೌಟು ಬಡಿಯುವವಳು ಒಡೀಲ್. ಪದ್ಧತಿ ಬಿಡಬಾರದಲ್ಲ, ಗಂಡನ ಪಟವನ್ನೂ ಮದರ್ ಪಟದ ಪಕ್ಕದಲ್ಲಿಟ್ಟು ಅವನಿಗೂ ಒಂದು ಲೋಟ ನೀರಿಡುತ್ತಾಳೆ. ಎರಡೂ ಒಂದೇ ಅಳತೆ, ಒಂದೇ ಹಲಗೆಯ ಮೇಲೆ. ಆಕೆಯದು ಹಾಗೇ ತುಂಬಿರುತ್ತದೆ. ಅವನದು, ಒಡೀಲ್ ಕೈ ತೆಗೆಯುವಷ್ಟರಲ್ಲಿ ಒಣ.

ಸುಳ್ಳು ಅನ್ನುವವರು ಸೋಮವಾರ ಬನ್ನಿ. ನೀರು ನೀವೇ ತುಂಬಿಸಿ.